ಹಳೇ ಪಿಕಪ್ಪಲ್ಲಿ ಆಯಿಲ್ ಲೈಟು ಮಿಣುಕ್ತಿದ್ಯಾ? ಇಂಜಿನ್ ಬಿಚ್ಚೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಇಂಜಿನ್ ಬಿಸಿಯಾಗಿದೆ, ಗಾಡಿ ನಿಲ್ಸಿ ಐಡ್ಲಿಂಗಲ್ಲಿ ಬಿಟ್ಟಿದೀರಿ, ಡ್ಯಾಶ್‌ಬೋರ್ಡಲ್ಲಿ ಕೆಂಪು ಆಯಿಲ್ ಲೈಟು ಮಿಣ ಮಿಣ ಅಂತಿದೆ, ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಟ್ರೆ ಸಾಕು ಆರೋಗುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ನನಗೆ ಇದು ಮೊದಲು ಕಂಡಿದ್ದು ಮಂಗಳೂರಿಂದ ಗೊಬ್ಬರದ ಮೂಟೆ ಹೇರ್ಕೊಂಡು ಶಿರಾಡಿ ಘಾಟಿ ಹತ್ತಿ ಮಾರನಹಳ್ಳೀಲಿ ಟೀ ಕುಡಿಯೋಕೆ ನಿಲ್ಸಿದಾಗ. ಸಕಲೇಶಪುರಕ್ಕೆ ಬಂದು ಒಬ್ರು ಮೇಸ್ತ್ರಿಗೆ ಹೇಳಿದೆ, ಅವ್ರು ಬಾನೆಟ್ ಕೂಡ ಎತ್ತದೆ "ಹಾಫ್ ಇಂಜಿನ್ ಮಾಡ್ಬೇಕು ಗೌಡ್ರೆ, ಒಂದ್ ನಲವತ್ತೈದು ಸಾವಿರ ಇಟ್ಕೊಂಡಿರಿ" ಅಂದ್ಬಿಟ್ರು, ಹಾಫ್ ಇಂಜಿನ್ ಅಂದ್ರೆ ಇಂಜಿನ್ ಬಿಚ್ಚಿ ಮಾಡೋ ದೊಡ್ಡ ರಿಪೇರಿ. ಕೊನೆಗೆ ಅವ್ರು ಹೇಳಿದ್ದು ಅರ್ಧ ನಿಜ ಅರ್ಧ ಸುಳ್ಳು ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಹಿಡೀತು, ಆ ವರ್ಷದಲ್ಲಿ ಕಲ್ತಿದ್ದನ್ನೇ ಇಲ್ಲಿ ಬರೀತಿದೀನಿ.

ಗಾಡಿ 2007ರದ್ದು, 2.5 ಲೀಟರ್ ಡಿಐ (ಸಿಲಿಂಡರ್ ಒಳಗೇ ನೇರ ಡೀಸೆಲ್ ಚಿಮ್ಮೋ) ಡೀಸೆಲ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ನಾಝಲ್‌ಗಳಿಗೆ ಡೀಸೆಲ್ ಕೊಡೋಕೆ ರೋಟರಿ ಪಂಪು. ಎಷ್ಟು ಓಡಿದೆ ಅಂತ ಕೇಳ್ಬೇಡಿ, ಮೀಟರ್ ಕೇಬಲ್ ಕಟ್ಟಾಗಿ ನಾಲ್ಕು ವರ್ಷ ಆಯ್ತು. ಕಂಪನಿ ಯಾವುದು ಅಂತ ಬರೆಯಲ್ಲ, ಯಾಕಂದ್ರೆ ಹದಿನೈದು-ಇಪ್ಪತ್ತು ವರ್ಷ ಹಳೇದಾದ ಯಾವ ಡೀಸೆಲ್ ಪಿಕಪ್ಪಿಗೂ ಕಥೆ ಹೆಚ್ಚೂಕಮ್ಮಿ ಇದೇ.

ಪ್ರೆಶರ್ ಅಂದ್ರೆ ಏನು ಅಂತ ಮೊದ್ಲು

ನಮ್ಮಲ್ಲಿ ಎಲ್ರೂ ಆಯಿಲ್ ಪಂಪು ಪ್ರೆಶರ್ ಕೊಡುತ್ತೆ ಅನ್ಕೊಂಡಿದಾರೆ. ಪಂಪು ಆಯಿಲನ್ನ ತಳ್ಳುತ್ತೆ ಅಷ್ಟೇ, ಒಂದು ಸುತ್ತಿಗೆ ಇಷ್ಟು ಅಂತ ಲೆಕ್ಕ. ತೋಟಕ್ಕೆ ಪೈಪಲ್ಲಿ ನೀರು ಬಿಡ್ವಾಗ ತುದೀನ ಹೆಬ್ಬೆಟ್ಟಲ್ಲಿ ಒತ್ತಿ ಹಿಡಿದ್ರೆ ಬುಸ್ ಅಂತ ದೂರ ಹಾರುತ್ತಲ್ಲ, ಆ ಹೆಬ್ಬೆಟ್ಟಿನ ಕೆಲಸ ಇಂಜಿನ್ನಲ್ಲಿ ಮಾಡೋದು ಮೆಟಲ್‌ಗಳು, ಅಂದ್ರೆ ತಿರುಗೋ ಕ್ರ್ಯಾಂಕ್ ಶಾಫ್ಟನ್ನ ಹಿಡಿದಿರೋ ಬೇರಿಂಗ್ ಚಿಪ್ಪುಗಳು. ಕ್ರ್ಯಾಂಕಿಗೂ ಮೆಟಲ್ಲಿಗೂ ನಡುವೆ ಹೊಸದ್ರಲ್ಲಿ 0.05 ಮಿ.ಮೀ. ಆಸುಪಾಸು ಸಂದು ಇರುತ್ತೆ, ಅಂದ್ರೆ ತಲೆಕೂದಲಿನ ದಪ್ಪ. ಆಯಿಲ್ ಆ ಸಂದಿನಿಂದ ಕಷ್ಟಪಟ್ಟು ಹೊರಗೆ ಬರ್ಬೇಕು, ಆ ಕಷ್ಟಾನೇ ಗೇಜಲ್ಲಿ ಪ್ರೆಶರ್ ಅಂತ ಕಾಣೋದು. ಮೆಟಲ್ ಸವೆದು ಸಂದು ಎರಡರಷ್ಟಾದ್ರೆ ಸೋರೋ ಆಯಿಲ್ ಎರಡರಷ್ಟಾಗಲ್ಲ, ಎಂಟರಷ್ಟಾಗುತ್ತೆ, ಸಂದಿನ ಘನಕ್ಕೆ ತಕ್ಕ ಹಾಗೆ ಏರೋದು. ಅದಕ್ಕೇ ವರ್ಷಗಟ್ಲೆ ಏನೂ ಗೊತ್ತಾಗದೆ ಇದ್ದು ಕೊನೇ ಆರು ತಿಂಗಳಲ್ಲಿ ಇದ್ದಕ್ಕಿದ್ದಂಗೆ ಪ್ರೆಶರ್ ಬಿದ್ದೋಗೋದು.

ಇನ್ನೊಂದು ಆಯಿಲ್ ಎಷ್ಟು ಮಂದ ಇದೆ ಅನ್ನೋದು. 15ಡಬ್ಲ್ಯೂ-40 ಗ್ರೇಡಿನ ಆಯಿಲ್ 40 ಡಿಗ್ರೀಲಿ ಇರೋ ಮಂದ 100 ಡಿಗ್ರಿಗೆ ಹೋದ್ರೆ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಯಾವ ಸತ್ತ ಇಂಜಿನ್ನೂ ಜಬರ್ದಸ್ತ್ ಪ್ರೆಶರ್ ತೋರಿಸುತ್ತೆ, ಅದನ್ನ ನೋಡಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಮೋಸ ಹೋದವ್ರು ನಮ್ ಊರಲ್ಲೇ ಇದಾರೆ. ಗಾಡಿ ನೋಡೋಕೆ ಹೋದಾಗ ಓನರ್ರು "ಆಗ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದೀನಿ" ಅಂದ್ರೆ ಸ್ಟಾರ್ಟಿಂಗ್ ಟ್ರಬಲ್ ಮುಚ್ಚಿಡ್ತಿದಾನೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ತಣ್ಣಗಿರೋವಾಗ ಮಾತ್ರ ತೋರಿಸಿ ಆಫ್ ಮಾಡಿದ್ರೆ ಮೆಟಲ್ ಮುಚ್ಚಿಡ್ತಿದಾನೆ ಅಂತ ಯಾರೂ ಯೋಚ್ನೆ ಮಾಡಲ್ಲ.

ಲೈಟನ್ನ ಎಷ್ಟು ನಂಬಬೇಕು

ಮೊದ್ಲು ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ. ಲೈಟು ಉರೀಬೇಕು. ಉರೀದೇ ಇದ್ರೆ ಬಲ್ಬು ಹೋಗಿದೆ ಅಥವಾ ಯಾರೋ ವೈರ್ ಕಿತ್ತಿದಾರೆ, ಎರಡನೇದನ್ನ ನಾನು ಕಣ್ಣಾರೆ ನೋಡಿದೀನಿ. ಉರಿದ್ರೆ ಆಯಿಲ್ ಸ್ವಿಚ್ಚಿನ ವೈರ್ ತೆಗೀರಿ, ಲೈಟ್ ಆರ್ಬೇಕು, ವೈರಿನ ತುದೀನ ಬಾಡಿಗೆ ತಾಗಿಸಿದ್ರೆ ಮತ್ತೆ ಉರೀಬೇಕು. ವೈರ್ ತೆಗೆದ್ರೂ ಉರೀತಾನೇ ಇದ್ರೆ ಆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗ್ತಿದೆ, ಇಂಜಿನ್ ತಂಟೆಗೆ ಹೋಗ್ಬೇಡಿ.

ಲೈಟ್ ಸ್ವಿಚ್ಚು ಆನ್ ಆಗೋದು ಸಾಮಾನ್ಯವಾಗಿ ಪ್ರೆಶರ್ 0.3ರಿಂದ 0.5 ಬಾರ್‌ಗಿಂತ (ಬಾರ್ ಅಂದ್ರೆ ಪ್ರೆಶರ್ ಅಳೆಯೋ ಲೆಕ್ಕ) ಕೆಳಗೆ ಬಿದ್ದಾಗ. ಅಂದ್ರೆ ಅದು ಹುಷಾರು ಹೇಳೋ ಲೈಟಲ್ಲ, ಆಗ್ಲೇ ಆಯಿಲ್ ಇಲ್ಲ ಅಂತ ಕೂಗೋ ಲೈಟು. ಓಡ್ತಾ ಇರೋವಾಗ, 2000 ಆರ್‌ಪಿಎಂನಲ್ಲಿ, ಅದು ಪೂರ್ತಿ ಉರಿದ್ರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಹೋಗೋಣ ಅನ್ನೋ ಮಾತೇ ಇಲ್ಲ, ಅಲ್ಲೇ ಸೈಡಿಗೆ ಹಾಕಿ ಆಫ್ ಮಾಡಿ. ಐಡ್ಲಿಂಗಲ್ಲಿ ಮಿಣುಕೋದು ಬೇರೆ ವಿಷ್ಯ, ಅದಕ್ಕೆ ಪರೀಕ್ಷೆ ಮಾಡೋಕೆ ಟೈಮ್ ಇದೆ. ಇನ್ನು ಕೆಲವು ಗಾಡೀಲಿ ಮುಳ್ಳಿನ ಗೇಜ್ ಇರುತ್ತೆ, ಆ ಸೆಂಡರ್ ಯೂನಿಟ್ ಹಳೇದಾದ್ರೆ ಬಾಯಿಗೆ ಬಂದಂಗೆ ಹೇಳುತ್ತೆ, ಇಂಜಿನ್ನಿನ ಅರ್ಥ್ ವೈರು ಸಡಿಲ ಆಗಿದ್ರಂತೂ ಹೆಡ್‌ಲೈಟ್ ಹಾಕಿದ್ರೆ ಆಯಿಲ್ ಪ್ರೆಶರ್ ಬದಲಾಗುತ್ತೆ, ನಗು ಬರುತ್ತೆ.

ನಾನು ಮೊದ್ಲು ಮಾಡಿದ್ದು ಸ್ವಿಚ್ ಬದಲಾಯಿಸಿದ್ದು. ಹೊಸ ಸ್ವಿಚ್ಚಲ್ಲೂ ಮಿಣುಕ್ತು. ಆಮೇಲೆ ಗೊತ್ತಾಯ್ತು, ಸ್ವಿಚ್ ಬದಲಾಯಿಸೋ ಬದಲು ಆ ಜಾಗದಲ್ಲೇ ಗೇಜ್ ಹಾಕಿ ನೋಡಿದ್ರೆ ಎರಡೂ ಪ್ರಶ್ನೆಗೆ ಒಂದೇ ಸಲ ಉತ್ತರ ಸಿಕ್ತಿತ್ತು ಅಂತ.

ಗೇಜ್ ಹಾಕೋದು, ಮೂರು ನಂಬರ್ ಬರ್ಕೊಳ್ಳೋದು

ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಗೇಜು, ಉದ್ದ ಪೈಪು ನಾಲ್ಕೈದು ಅಡಾಪ್ಟರ್ ಸಮೇತ, ನನಗೆ ಸಾವಿರದ ಚಿಲ್ಲರೆ ಬಿತ್ತು. ಆಯಿಲ್ ಸ್ವಿಚ್ ಸಾಮಾನ್ಯವಾಗಿ ಫಿಲ್ಟರ್ ಹತ್ರ ಬ್ಲಾಕ್‌ಗೆ ಕೂತಿರುತ್ತೆ, ಅದನ್ನ ಬಿಚ್ಚಿ ಅಲ್ಲಿಗೆ ಗೇಜ್ ಪೈಪ್ ಹಾಕ್ಬೇಕು. ಇಲ್ಲೊಂದು ಎಡವಟ್ಟಿದೆ. 1/8 ಬಿಎಸ್‌ಪಿ ತ್ರೆಡ್ಡಿಗೆ ಇಂಚಿಗೆ 28 ಸುತ್ತು, 1/8 ಎನ್‌ಪಿಟಿಗೆ 27, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಎಂ10 ಕೂಡ ಹತ್ರಹತ್ರ ಅಷ್ಟೇ ಗಾತ್ರ. ಮೊದಲ ಒಂದೂವರೆ ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿ ಆಯ್ತು ಅಂದ್ರೆ ಸ್ಪ್ಯಾನರ್ ಹಾಕಿ ಬಲವಂತ ಮಾಡ್ಬೇಡಿ, ಬ್ಲಾಕಿನ ತ್ರೆಡ್ ಹೋದ್ರೆ ಅಲ್ಲಿಗೆ ಹೆಲಿಕಾಯಿಲ್, ಅಂದ್ರೆ ಹೊಸ ತ್ರೆಡ್ಡಿನ ಸುರುಳಿ, ಹಾಕಿಸೋ ಗತಿ. ಹಳೇ ಸ್ವಿಚ್ ತಗೊಂಡೋಗಿ ಅಂಗಡೀಲೇ ಅಡಾಪ್ಟರ್ ಪಕ್ಕ ಇಟ್ಟು ನೋಡಿ ತನ್ನಿ.

ಮೊದಲ ನಂಬರ್ ಬೆಳಿಗ್ಗೆ ತಣ್ಣಗಿರೋವಾಗ ಐಡ್ಲಿಂಗಲ್ಲಿ. ಆಮೇಲೆ ಗಾಡೀನ ನಿಜವಾಗ್ಲೂ ಓಡಿಸ್ಬೇಕು, ಅಂಗಳದಲ್ಲಿ ನಿಲ್ಸಿ ಹತ್ತು ನಿಮಿಷ ರೇಸ್ ಮಾಡಿದ್ರೆ ಆಗಲ್ಲ, ಟೆಂಪರೇಚರ್ ಗೇಜ್ ಮಧ್ಯಕ್ಕೆ ಬಂದ್ರೂ ಅದು ನೀರಿನ ಬಿಸಿ, ಆಯಿಲ್ ಅದಕ್ಕಿಂತ ತುಂಬ ನಿಧಾನ ಬಿಸಿ ಆಗೋದು. ಅರ್ಧ ಗಂಟೆ ಲೋಡ್ ಹಾಕಿ ಏರಲ್ಲಿ ಓಡಿಸಿ ಬಂದು ತಕ್ಷಣ ಐಡ್ಲಿಂಗ್ ನಂಬರ್, ಆಮೇಲೆ 2000 ಆರ್‌ಪಿಎಂ ನಂಬರ್. ಹಳೇ ಪಿಕಪ್ಪಲ್ಲಿ ಆರ್‌ಪಿಎಂ ಮೀಟರ್ ಎಲ್ಲಿಂದ ಬರ್ಬೇಕು, ಅದಕ್ಕೆ ಕ್ರ್ಯಾಂಕ್ ಪುಲ್ಲಿಗೆ ಹೊಳೆಯೋ ಸ್ಟಿಕರ್ ಅಂಟಿಸಿ ದೂರದಿಂದ ಬೆಳಕು ಬಿಟ್ಟು ನೋಡೋ ಟ್ಯಾಕೋಮೀಟರ್ ಸಿಗುತ್ತೆ, ನಾನು ಒಬ್ಬ ಮೋಟಾರ್ ವೈಂಡಿಂಗ್ ಅಂಗಡಿಯವನ ಹತ್ರ ಒಂದು ದಿನಕ್ಕೆ ಇಸ್ಕೊಂಡೆ. ಗೇಜ್ ಪೈಪು ಫ್ಯಾನು, ಸೈಲೆನ್ಸರ್ ಮ್ಯಾನಿಫೋಲ್ಡ್ ಯಾವುದಕ್ಕೂ ತಾಗದ ಹಾಗೆ ಕಟ್ಟಿ, ಬಿಸಿ ಆಯಿಲ್ ಮುಖಕ್ಕೆ ಚಿಮ್ಮಿದ್ರೆ ಹುಡುಗಾಟ ಅಲ್ಲ.

ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್ ಸಿಕ್ಕಿದ್ರೆ ಅದರ ನಂಬರೇ ಕೊನೆ ಮಾತು. ಸಿಗದಿದ್ರೆ ಹಳೇ ಕಾಲದ ಲೆಕ್ಕ ಒಂದಿದೆ, ಬಿಸಿ ಇಂಜಿನ್ನಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. 1 ಬಾರ್ ಅಂದ್ರೆ 14.5 ಪಿಎಸ್‌ಐ, ಹಂಗಾಗಿ ಐಡ್ಲಿಂಗಲ್ಲಿ 0.7 ಬಾರ್‌ಗಿಂತ ಕೆಳಗೆ ಹೋಗ್ಬಾರದು, 2000ದಲ್ಲಿ 1.4 ಬಾರ್ ಅನ್ನೋದು ಪಾಸ್ ಮಾರ್ಕು ಅಷ್ಟೇ, ಆರೋಗ್ಯವಾಗಿರೋ ಡೀಸೆಲ್ ಇಂಜಿನ್ ಅಲ್ಲಿ 3 ಬಾರ್ ಸುತ್ತಮುತ್ತ ಇರುತ್ತೆ.

ನನ್ನ ನಂಬರು: ತಣ್ಣಗೆ 3.8, ಬಿಸಿ ಐಡ್ಲಿಂಗ್ 0.4, ಬಿಸಿ 2000ದಲ್ಲಿ 1.7. ನಿಜವಾಗ್ಲೂ ಕಮ್ಮಿ ಇದೆ, ಲೈಟು ಸುಳ್ಳು ಹೇಳಿಲ್ಲ.

ನಂಬರ್ ಹೆಂಗೆ ಓದೋದು

ನಂದು ಇದ್ದ ಹಾಗೆ, ತಣ್ಣಗೆ ಚೆನ್ನಾಗಿದೆ, ಬಿಸಿ ಐಡ್ಲಿಂಗಲ್ಲಿ ಬಿದ್ದೋಗುತ್ತೆ, ರೇಸ್ ಕೊಟ್ರೆ ಏರುತ್ತೆ ಅಂದ್ರೆ ಎರಡೇ ಸಾಧ್ಯತೆ. ಒಂದೋ ಸಂದು ದೊಡ್ಡದಾಗಿದೆ, ಇಲ್ಲಾ ಆಯಿಲ್ ತೆಳ್ಳಗಾಗಿದೆ. ಆಯಿಲ್ ತೆಳ್ಳಗಾಗಿರೋದನ್ನ ಮೊದ್ಲು ನೋಡ್ಬೇಕು ಯಾಕಂದ್ರೆ ಅದು ಅಗ್ಗ.

ತಣ್ಣಗೂ ಕಮ್ಮಿ ಬಿಸಿಗೂ ಕಮ್ಮಿ, ಎಷ್ಟು ರೇಸ್ ಕೊಟ್ರೂ ಒಂದೇ ಕಡೆ ಕೂತಿದೆ ಅಂದ್ರೆ ಮೆಟಲ್ ಮೇಲೆ ಗೂಬೆ ಕೂರಿಸ್ಬೇಡಿ, ರಿಲೀಫ್ ವಾಲ್ವ್ (ಪ್ರೆಶರ್ ಜಾಸ್ತಿ ಆದ್ರೆ ತೆರೆದು ಆಯಿಲ್ ವಾಪಸ್ ಬಿಡೋದು) ತೆರ್ಕೊಂಡೇ ಸಿಕ್ಕಾಕ್ಕೊಂಡಿರ್ಬೇಕು ಅಥವಾ ಪಂಪೇ ಸವೆದಿರ್ಬೇಕು. ಒಂದು ಸಣ್ಣ ಲೋಹದ ಚೂರು ವಾಲ್ವ್ ಪ್ಲಂಜರ್ ಪಕ್ಕ ಸಿಕ್ಕಿದ್ರೂ ಸಾಕು. ಶುರೂಲಿ ಚೆನ್ನಾಗಿದ್ದು ಹೈವೇಲಿ ಜೋರಾಗಿ ಹೋಗ್ತಾ ಹೋಗ್ತಾ ಇಳಿಯುತ್ತೆ, ಸೈಡಿಗೆ ನಿಲ್ಸಿ ಐದು ನಿಮಿಷ ಬಿಟ್ರೆ ಮತ್ತೆ ಸರಿ ಹೋಗುತ್ತೆ ಅಂದ್ರೆ ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಒಳಗಿನ ಜಾಲರಿ ಕಟ್ಕೊಂಡಿದೆ, ಹಳೇ ಆಯಿಲಿನ ಕರಿ ಗಷ್ಟು, ಇಲ್ಲಾ ಯಾರೋ ಚೇಂಬರ್ ಕೂರಿಸ್ವಾಗ ಕೈಬಿಚ್ಚಿ ಹಾಕಿದ ಸಿಲಿಕಾನ್ ಪೇಸ್ಟು ಒಳಗೆ ಉದುರಿ ಅಲ್ಲಿ ಹೋಗಿ ಕೂತಿರುತ್ತೆ. ಪೇಸ್ಟ್ ಹಾಕ್ವಾಗ ಸ್ವಲ್ಪ ಕೈ ಹಿಡಿದು ಹಾಕ್ರಪ್ಪ.

ಮುಳ್ಳು ನಡುಗ್ತಾ ಇದ್ರೆ, ಘಾಟಿ ತಿರುವಲ್ಲಿ ಅಥವಾ ಬ್ರೇಕ್ ಹೊಡೆದಾಗ ಮಾತ್ರ ಬಿದ್ರೆ, ಪಂಪು ಗಾಳಿ ಎಳೀತಿದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ನೋಡಿ, ಲೆವೆಲ್ ಸರಿ ಇದ್ರೆ ಸಕ್ಷನ್ ಪೈಪು ಬಿರುಕು ಬಿಟ್ಟಿದ್ಯಾ ಅಂತ ನೋಡ್ಬೇಕು. ಆಯಿಲ್ ಜಾಸ್ತಿ ಆದ್ರೂ ಕ್ರ್ಯಾಂಕು ಅದರೊಳಗೆ ಬಡಿದು ನೊರೆ ಮಾಡುತ್ತೆ, ನೊರೆ ಪಂಪ್ ಆದ್ರೆ ಪ್ರೆಶರ್ ಬರಲ್ಲ. ಬೆಳಿಗ್ಗೆ ಸ್ಟಾರ್ಟ್ ಆದ್ಮೇಲೆ ಲೈಟ್ ಆರೋಕೆ ಐದಾರು ಸೆಕೆಂಡ್ ತಗೊಳ್ಳುತ್ತೆ, ಆಮೇಲೆಲ್ಲ ಸರಿ ಅಂದ್ರೆ ಫಿಲ್ಟರ್ ಬದಲಾಯಿಸಿ, ಒಳಗಿನ ರಬ್ಬರ್ ವಾಲ್ವು ಆಯಿಲ್ ಹಿಡಿದಿಡ್ತಿಲ್ಲ, ರಾತ್ರಿ ಎಲ್ಲ ಚೇಂಬರಿಗೆ ಇಳಿದೋಗ್ತಿದೆ. ಡೂಪ್ಲಿಕೇಟ್ ಫಿಲ್ಟರಲ್ಲಿ ಇದು ಮಾಮೂಲಿ.

ಪ್ರೆಶರ್ ಜಾಸ್ತಿ ಇದ್ರೆ ಖುಷಿ ಪಡೋರೂ ಇದಾರೆ. ಬಿಸಿ ಇಂಜಿನ್ನಲ್ಲೂ 6-7 ಬಾರ್ ತೋರಿಸಿದ್ರೆ ರಿಲೀಫ್ ವಾಲ್ವ್ ಮುಚ್ಕೊಂಡು ಜಾಮ್ ಆಗಿದೆ ಅಂತ ಅರ್ಥ, ಫಿಲ್ಟರ್ ಸೀಲ್ ಕಿತ್ಕೊಂಡು ಹೋಗಿ ಅರ್ಧ ನಿಮಿಷದಲ್ಲಿ ಆಯಿಲೆಲ್ಲ ರೋಡಿಗೆ.

ಕಡ್ಡಿ ಹೇಳಿದ ಕಥೆ

ಲೈಟ್ ಶುರುವಾದ ದಿನವೇ ಡಿಪ್‌ಸ್ಟಿಕ್ ನೋಡಿದ್ದೆ, ಮ್ಯಾಕ್ಸ್ ಗೆರೆಗಿಂತ ಸ್ವಲ್ಪ ಮೇಲೇ ಇತ್ತು, ಆಯಿಲ್ ಇದೆ ಅಂತ ಸಮಾಧಾನ ಆಗಿದ್ದೆ. ಗೇಜ್ ಹಾಕಿದ ದಿನ ಮತ್ತೆ ತೆಗೆದು ನೋಡಿದ್ರೆ ಗೆರೆ ದಾಟಿ ಒಂದು ಬೆರಳು ಮೇಲೆ. ಇದು ಎಂಟು ಟ್ರಿಪ್ಪಿಗೆ ಒಂದು ಲೀಟರ್ ಕುಡಿಯೋ ಇಂಜಿನ್ನು, ನಾನು ಎರಡು ತಿಂಗಳಿಂದ ಒಂದು ಹನಿ ಹಾಕಿಲ್ಲ, ಲೆವೆಲ್ ಏರೋದು ಹೆಂಗೆ? ಆಗ ತಲೆಗೆ ಹೊಳೀತು. ಕಡ್ಡಿ ಮೂಸಿದ್ರೆ ಡೀಸೆಲ್ ವಾಸ್ನೆ. ಎರಡು ಬೆರಳ ನಡುವೆ ಉಜ್ಜಿದ್ರೆ ಜಿಗುಟೇ ಇಲ್ಲ, ನೀರು ನೀರು. ಫಿಲ್ಟರ್ ಕಾಗದದ ಮೇಲೆ, ಅದೇ ಕಾಫಿ ಸೋಸೋ ಕಾಗದ, ಒಂದು ಹನಿ ಹಾಕಿ ಒಂದು ಗಂಟೆ ಬಿಟ್ಟೆ. ಮಧ್ಯ ಕಪ್ಪು ಬೊಟ್ಟು, ಅದರ ಸುತ್ತ ಅಗಲಕ್ಕೆ ತೆಳು ಹಳದಿ ಉಂಗುರ ಹರಡ್ಕೊಂಡಿತ್ತು. ಪಕ್ಕದಲ್ಲೇ ಡಬ್ಬಿಯಿಂದ ಹೊಸ ಆಯಿಲ್ ಹನಿ ಹಾಕಿದ್ದೆ, ಅದು ಅಷ್ಟು ದೂರ ಹೋಗಿರ್ಲಿಲ್ಲ.

100 ಭಾಗದಲ್ಲಿ 5 ಭಾಗ ಡೀಸೆಲ್ ಸೇರಿದ್ರೂ 40 ಗ್ರೇಡ್ ಆಯಿಲು 30ರ ಕಡೆಗೆ ಜಾರುತ್ತೆ, ನಂದ್ರಲ್ಲಿ ಅದಕ್ಕಿಂತ ಜಾಸ್ತೀನೇ ಇತ್ತು ಅನ್ಸುತ್ತೆ. ಇದರಲ್ಲಿ ಪ್ರೆಶರಿಗಿಂತ ದೊಡ್ಡ ಅಪಾಯ ಒಂದಿದೆ. ಲೆವೆಲ್ ಏರಿ ಏರಿ ಆಯಿಲ್ ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಹಬೆ ಹೊರಗೆ ಬಿಡೋ ಪೈಪು) ಏರ್ ಪೈಪಿಗೆ ಹೋದ್ರೆ ಡೀಸೆಲ್ ಇಂಜಿನ್ ಅದನ್ನೇ ಉರಿಸ್ಕೊಂಡು ತಾನೇ ತಾನಾಗಿ ರೇಸ್ ಆಗ್ತಾ ಹೋಗುತ್ತೆ, ಕೀ ಆಫ್ ಮಾಡಿದ್ರೂ ನಿಲ್ಲಲ್ಲ. ಆಗ ಟಾಪ್ ಗೇರ್ ಹಾಕಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ಇಂಜಿನ್ ಅಮುಕಿ ನಿಲ್ಲಿಸ್ಬೇಕು, ಇಲ್ಲಾ ಗಾಳಿ ಹೋಗೋ ಬಾಯಿಗೆ ಹಲಗೆ ಅಡ್ಡ ಇಡ್ಬೇಕು, ಕೈ ಇಡ್ಬೇಡಿ. ಅದಕ್ಕೇ ಆಯಿಲ್ ಲೆವೆಲ್ ಏರ್ತಿದೆ ಅಂದ್ರೆ ಗಾಡಿ ಓಡಿಸ್ಲೇಬೇಡಿ. ನಾನು ಗೊತ್ತಿಲ್ದೆ ಅದೇ ಲೆವೆಲ್ಲಲ್ಲಿ ಎರಡು ಸಲ ಘಾಟಿ ಹತ್ತಿದೀನಿ, ಈಗ ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ.

ಡೀಸೆಲ್ ಎಲ್ಲಿಂದ ಬಂತು? ಮೂರು ದಾರಿ. ನಾಝಲ್ ಸೋರಿದ್ರೆ ಸಿಲಿಂಡರಿಂದ ರಿಂಗ್ ದಾಟಿ ಇಳಿಯುತ್ತೆ, ಆದ್ರೆ ಅದಕ್ಕೆ ಮುಂಚೆ ಬಿಳಿ ಹೊಗೆ, ಮಿಸ್ಸಿಂಗು ಎಲ್ಲ ಕಾಣುತ್ತೆ. ಬ್ಲಾಕ್‌ಗೆ ಕೂತಿರೋ ಫೀಡ್ ಪಂಪಿನ ಡಯಾಫ್ರಾಮ್ ಹರಿದಿದ್ರೆ ನೇರ ಚೇಂಬರಿಗೆ. ರೋಟರಿ ಪಂಪಾದ್ರೆ ಅದರ ಶಾಫ್ಟ್ ಸೀಲು, ಸೀಲ್ ಹೋದ್ರೆ ಪಂಪ್ ಒಳಗಿನ ಡೀಸೆಲ್ ಟೈಮಿಂಗ್ ಗೇರ್ ಕೇಸಿಗೆ, ಅಲ್ಲಿಂದ ಚೇಂಬರಿಗೆ. ನನಗೆ ಹೊಗೆ ಇಲ್ಲ, ಸ್ಟಾರ್ಟಿಂಗ್ ಚೆನ್ನಾಗಿದೆ, ಹಂಗಾಗಿ ಸೀಲ್ ಮೇಲೆ ಅನುಮಾನ. ಹಾಸನದಲ್ಲಿ ಪಂಪು-ನಾಝಲ್ ಕೆಲಸ ಮಾಡೋ ಒಬ್ರು ವಯಸ್ಸಾದ ಸಾಬ್ರು ಪಂಪ್ ಇಳಿಸಿ ಶಾಫ್ಟನ್ನ ನನ್ನ ಬೆರಳಿಗೆ ಕೊಟ್ಟು "ನೋಡಪ್ಪ, ಉಗುರಿಗೆ ಸಿಗುತ್ತಲ್ಲ ಗೆರೆ" ಅಂದ್ರು. ಸೀಲಿನ ತುಟಿ ಕೂರೋ ಜಾಗದಲ್ಲಿ ಶಾಫ್ಟ್ ಸುತ್ತ ಕಾಲುವೆ ಥರ ತೋಡಿತ್ತು. ಹೊಸ ಸೀಲನ್ನ ಒಂದು ಮಿ.ಮೀ. ಹಿಂದಕ್ಕೆ ಕೂರಿಸಿದ್ರು, ತುಟಿ ಸವೆಯದ ಜಾಗಕ್ಕೆ ಬರ್ಲಿ ಅಂತ. ಅವ್ರಿಗೆ ಕೈ ಮುಗೀಬೇಕು.

ಹೊಸ 15ಡಬ್ಲ್ಯೂ-40 ಆಯಿಲ್ಲು ಹೊಸ ಫಿಲ್ಟರು ಹಾಕಿ ಎರಡು ಟ್ರಿಪ್ ಮಾಡಿ ನೋಡ್ದೆ, ಲೆವೆಲ್ ಏರ್ಲಿಲ್ಲ. ಗೇಜ್ ಹಾಕಿದ್ರೆ ತಣ್ಣಗೆ 4.4, ಬಿಸಿ ಐಡ್ಲಿಂಗ್ 0.8, 2000ದಲ್ಲಿ 2.4. ಪಾಸ್. ಲೈಟ್ ಮಿಣುಕೋದು ನಿಂತ್ಹೋಯ್ತು. ಹಾಫ್ ಇಂಜಿನ್ ಅಂದಿದ್ದವ್ರ ಅಂಗಡಿ ಮುಂದೆ ಬೇಕಂತಲೇ ಗಾಡಿ ನಿಲ್ಸಿ ಟೀ ಕುಡಿದೆ.

ಆದ್ರೆ 0.8 ಅನ್ನೋದು 0.7ರ ಪಕ್ಕದ ಮನೆ

ಅದಕ್ಕೇ ತಿಂಗಳಿಗೊಂದು ಸಲ ಗೇಜ್ ಹಾಕಿ ಡೈರೀಲಿ ಬರೀತಿದ್ದೆ. 0.8, 0.8, 0.7, ಏಳನೇ ತಿಂಗಳಿಗೆ 0.6, ಅದೂ ಒಳ್ಳೇ ಆಯಿಲಲ್ಲಿ, ಡೀಸೆಲ್ ವಾಸ್ನೆ ಇಲ್ಲದೆ. ಈಗ ಮಾತ್ರ ಸಂದಿನ ಕಥೆ ಅಂತ ಖಾತ್ರಿ ಆಯ್ತು.

ಈ ಹಂತದಲ್ಲಿ ಜನ ಮಾಡೋ ಎರಡು ಉಪಾಯ ಹೇಳ್ಬಿಡ್ತೀನಿ. ಒಂದು, 20ಡಬ್ಲ್ಯೂ-50 ಹಾಕೋದು ಅಥವಾ ಡಬ್ಬಿಯಲ್ಲಿ ಬರೋ ಜೇನುತುಪ್ಪದಂಥ ಮಂದ ಆಯಿಲ್ ಬೆರೆಸೋದು. ಗೇಜ್ ಏರುತ್ತೆ ನಿಜ, ಸಂದು ಅಷ್ಟೇ ಇರುತ್ತೆ, ಗಾಡಿ ಮಾರೋವ್ರಿಗೆ ಒಳ್ಳೇದು. ಎರಡನೇದು ರಿಲೀಫ್ ವಾಲ್ವ್ ಸ್ಪ್ರಿಂಗ್ ಹಿಂದೆ ವಾಷರ್ ಕೊಡೋದು. ಇದು ಶುದ್ಧ ದಂಡ, ಆ ವಾಲ್ವ್ ತೆರೆಯೋದೇ 4-5 ಬಾರ್ ಆಸುಪಾಸಿನಲ್ಲಿ, 0.6 ಬಾರ್‌ನಲ್ಲಿ ಅದು ಹೇಗೂ ಮುಚ್ಚೇ ಇರುತ್ತೆ, ವಾಷರ್ ಕೊಟ್ರೆ ಬಿಸಿ ಐಡ್ಲಿಂಗ್ ಒಂದು ಕೂದಲೂ ಏರಲ್ಲ, ಬೆಳಿಗ್ಗೆ ಹೊತ್ತು ಫಿಲ್ಟರ್ ಒಡೆಯೋ ಚಾನ್ಸ್ ಮಾತ್ರ ಏರುತ್ತೆ.

ಚೇಂಬರ್ ಬಿಚ್ಚೋಕೆ ಮುಂಚೆ ಹೊರಗಿಂದಲೇ ಇನ್ನೂ ಮೂರು ನಾಲ್ಕು ನೋಡ್ಬಹುದು. ತೆಗೆದ ಹಳೇ ಫಿಲ್ಟರನ್ನ ಸೀಳಿ ನೋಡಿ, ಆಕ್ಸಾ ಬ್ಲೇಡ್ ಬೇಡ ಅದರ ಪುಡೀನೇ ಒಳಗೆ ಬೀಳುತ್ತೆ, ಉಳಿ ಹೊಡೆದು ಡಬ್ಬಿ ಓಪನ್ ಮಾಡೋ ಥರ ತೆಗೀರಿ, ಕಾಗದ ಬಿಡಿಸಿ ಬಿಸಿಲಲ್ಲಿ ಹಿಡೀರಿ. ಹೊಳೆಯೋ ಚೂರಿಗೆ ಅಯಸ್ಕಾಂತ ತೋರಿಸಿ, ಅಂಟಿದ್ರೆ ಉಕ್ಕು, ಅಂಟದೆ ತಾಮ್ರದ ಬಣ್ಣ ಇದ್ರೆ ಮೆಟಲ್ಲು. ಒಬ್ರು ಕ್ಲಚ್ ಒತ್ತಿ ಬಿಡ್ತಾ ಇರ್ಲಿ, ನೀವು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಿ, ಅದು ಹಿಂದೆ ಮುಂದೆ ಓಡಾಡೋದು ಕಣ್ಣಿಗೆ ಕಾಣ್ತಿದ್ರೆ ಅದನ್ನ ತಡೆಯೋ ತ್ರಸ್ಟ್ ವಾಷರ್ ಹೋಗಿದೆ. ಆಲ್ಟರ್‌ನೇಟರ್ ಹಿಂದೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರೋ ಗಾಡಿಯಾದ್ರೆ ಅದಕ್ಕೂ ಇಂಜಿನ್ ಆಯಿಲ್ ಪೈಪ್ ಹೋಗಿರುತ್ತೆ, ಅಲ್ಲಿ ಸೋರಿಕೆ ಇದ್ಯಾ ನೋಡಿ, ಬ್ರೇಕ್ ಬಿಗಿ ಆಗ್ತಿದೆ ಅನ್ನೋರು ಇದನ್ನ ಮೊದ್ಲೇ ನೋಡಿ.

ಸೌಂಡ್ ವಿಷ್ಯಕ್ಕೆ ಬಂದ್ರೆ, ಟ್ಯಾಪೆಟ್ ಸೌಂಡು ಮೇಲಿಂದ ಟಿಕ್ ಟಿಕ್ ಅಂತ ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ ಬರುತ್ತೆ. ಕನೆಕ್ಟಿಂಗ್ ರಾಡ್ ಮೆಟಲ್ ಸೌಂಡು ಕೆಳಗಿಂದ, ಮರದ ಮೇಲೆ ಸುತ್ತಿಗೆ ಹೊಡೆದಂಗೆ, ರೇಸ್ ಕೊಟ್ಟು ಸಡನ್ನಾಗಿ ಬಿಟ್ಟಾಗ ಚೆನ್ನಾಗಿ ಕೇಳುತ್ತೆ. ಹಳೇ ಡೀಸೆಲ್ ಇಂಜಿನ್ ಹೆಂಗೂ ಕಟಕಟ ಅಂತಾನೇ ಇರುತ್ತೆ, ಹಂಗಾಗಿ ಒಂದೊಂದೇ ನಾಝಲ್ ಪೈಪ್ ನಟ್ ಸ್ವಲ್ಪ ಸಡಿಲ ಮಾಡಿ ಆ ಸಿಲಿಂಡರ್ ಕಟ್ ಮಾಡಿ ಕೇಳಿ, ಯಾವುದ್ರಲ್ಲಿ ಸೌಂಡ್ ಅಡಗುತ್ತೋ ಅಲ್ಲಿ ಮೆಟಲ್ ಹೋಗಿದೆ. ಬಟ್ಟೆ ಮುಚ್ಚಿ ಮಾಡಿ. ಇದು ಹಳೇ ಪಂಪಿನ ಗಾಡಿಗೆ ಮಾತ್ರ, ಸಿಆರ್‌ಡಿಐ (ಹೊಸ ಕಾಲದ ಕಾಮನ್ ರೈಲ್) ಇಂಜಿನ್ನಲ್ಲಿ ಆ ಪೈಪಿನೊಳಗೆ ಸಾವಿರ ಬಾರ್ ಮೀರಿ ಇರುತ್ತೆ, ಸಡಿಲ ಮಾಡಿದ್ರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಕೈ ಕಳ್ಕೊಂಡವ್ರಿದಾರೆ.

ನನ್ನ ಗಾಡೀಲಿ ಮೂರನೇ ಸಿಲಿಂಡರ್ ಕಟ್ ಮಾಡಿದಾಗ ಒಂದು ಮಬ್ಬು ಸೌಂಡು ಕಮ್ಮಿ ಆಯ್ತು, ಆಯ್ತೋ ಇಲ್ವೋ ಅಂತ ಮೂರು ಸಲ ಕೇಳಿ ನೋಡಿದೆ.

ಚೇಂಬರ್ ಇಳಿಸಿದ ದಿನ

ಈ ಸಲ ಬೇರೆ ಮೇಸ್ತ್ರಿ, ಚಿಕ್ಕ ವಯಸ್ಸಿನವ್ನು, ಮೈಕ್ರೋಮೀಟರ್ ಇಟ್ಕೊಂಡಿರೋವ್ನು. ಇಂಜಿನ್ ಇಳಿಸ್ಲಿಲ್ಲ, ಗಾಡಿ ಕೆಳಗೇ ಮಲಗಿ ಚೇಂಬರ್ ಇಳಿಸಿದ್ವಿ. ಮೊದ್ಲು ಪಂಪು ನೋಡಿದ್ವಿ, ಗೇರ್ ಮೇಲೆ ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿದ್ರೆ 0.08, ಪರವಾಗಿಲ್ಲ. ಜಾಲರಿ ಕ್ಲೀನ್. ಆಮೇಲೆ ಮೂರನೇ ರಾಡ್ ಕ್ಯಾಪ್ ಬಿಚ್ಚಿದ. ಕೆಳಗಿನ ಮೆಟಲ್ ಬೂದು ಬಣ್ಣ, ಚೆನ್ನಾಗೇ ಇದೆ. ನಾನು ಉಸಿರು ಬಿಟ್ಟೆ. ಅವ್ನು "ತಡೀರಿ ಅಣ್ಣ, ಮೇಲಿಂದು ನೋಡೋಣ" ಅಂತ ರಾಡನ್ನ ಮೇಲಕ್ಕೆ ತಳ್ಳಿ ಮೇಲಿನ ಮೆಟಲ್ ಬೆರಳಲ್ಲಿ ಜಾರಿಸಿ ತೆಗೆದ. ನಡುವಲ್ಲಿ ಎರಡು ಬೆರಳಗಲ ಹಳೇ ಚೊಂಬಿನ ಥರ ತಾಮ್ರ ಹೊಳೀತಿತ್ತು. ಮೇಲಿನ ತವರ-ಸೀಸದ ಪದರ ಪೂರ್ತಿ ಹೋಗಿ ಒಳಗಿನ ತಾಮ್ರ ಬಂದ್ಬಿಟ್ಟಿದೆ. ರಾಡಲ್ಲಿ ಹೊಡೆತ ಬೀಳೋದು ಮೇಲಿನ ಅರ್ಧಕ್ಕೆ, ಕ್ರ್ಯಾಂಕನ್ನ ಬ್ಲಾಕ್‌ಗೆ ಹಿಡಿಯೋ ಮೇನ್ ಮೆಟಲಲ್ಲಿ ಕೆಳಗಿನ ಅರ್ಧಕ್ಕೆ, ಅದಕ್ಕೆ ಬರೀ ಕ್ಯಾಪ್ ಬಿಚ್ಚಿ ನೋಡಿ ಚೆನ್ನಾಗಿದೆ ಅಂತ ಮುಚ್ಚಿದ್ರೆ ಏನೂ ನೋಡಿದಂಗಲ್ಲ.

ಪ್ಲಾಸ್ಟಿಗೇಜ್ ಅಂತ ಒಂದು ಮೇಣದ ದಾರದ ಥರ ಬರುತ್ತೆ, ಕ್ರ್ಯಾಂಕಿನ ಜರ್ನಲ್ (ಮೆಟಲ್ ಕೂರೋ ನುಣುಪು ಭಾಗ) ಮೇಲೆ ಒಂದು ತುಂಡಿಟ್ಟು ಕ್ಯಾಪನ್ನ ಟಾರ್ಕ್‌ಗೆ ಬಿಗಿದು ಬಿಚ್ಚಿದ್ರೆ ಅದು ಚಪ್ಪಟೆ ಆಗಿರುತ್ತೆ, ಆ ಅಗಲವನ್ನ ಪ್ಯಾಕೆಟ್ ಮೇಲಿನ ಪಟ್ಟಿ ಜೊತೆ ಹೋಲಿಸಿದ್ರೆ ಸಂದು ಎಷ್ಟು ಅಂತ ಗೊತ್ತಾಗುತ್ತೆ. ನಡುವೆ ಕ್ರ್ಯಾಂಕ್ ತಿರುಗಿಸ್ಬಾರ್ದು. ಮೂರನೇದು 0.12, ಉಳಿದವು 0.08, 0.09. ಕ್ರ್ಯಾಂಕಿನ ಮೇಲೆ ಉಗುರು ಎಳೆದ್ರೆ ಎಲ್ಲೂ ಸಿಗಲಿಲ್ಲ, ಮೈಕ್ರೋಮೀಟರಲ್ಲಿ ಎರಡು ಕಡೆ ಅಡ್ಡಡ್ಡ ಅಳೆದ್ರೂ ಓವಲ್ ಆಗಿರ್ಲಿಲ್ಲ. ಉಗುರು ಸಿಕ್ಕಿದ್ರೆ ಕ್ರ್ಯಾಂಕ್ ಇಳಿಸಿ ಗ್ರೈಂಡಿಂಗ್ ಮಾಡಿಸಿ ಸಣ್ಣದಾದ ಕ್ರ್ಯಾಂಕಿಗೆ ಹೊಂದೋ 0.25 ಅಂಡರ್‌ಸೈಜ್ ಮೆಟಲ್ ಹಾಕ್ಬೇಕಿತ್ತು, ಆಗ ಮೊದಲ ಮೇಸ್ತ್ರಿ ಹೇಳಿದ ಲೆಕ್ಕಕ್ಕೇ ಹೋಗ್ತಿತ್ತು. ಡೀಸೆಲ್ ಬೆರೆತ ಆಯಿಲಲ್ಲಿ ಇನ್ನೂ ನಾಲ್ಕು ತಿಂಗಳು ಓಡಿಸಿದ್ರೆ ಖಂಡಿತ ಅಲ್ಲಿಗೇ ಹೋಗ್ತಿತ್ತು ಅಂತ ಹುಡುಗ ಹೇಳ್ದ, ನಂಗೂ ಹಂಗೇ ಅನ್ಸುತ್ತೆ.

ಸ್ಟ್ಯಾಂಡರ್ಡ್ ಸೈಜಿನ ಹೊಸ ರಾಡ್ ಮೆಟಲ್, ಮೇನ್ ಮೆಟಲ್, ತ್ರಸ್ಟ್ ವಾಷರ್, ಹೊಸ ರಾಡ್ ಬೋಲ್ಟು. ಮೆಟಲ್ ಕೂರಿಸ್ವಾಗ ಹಿಂಭಾಗ ಒಣಗಿರ್ಬೇಕು, ಮುಂಭಾಗಕ್ಕೆ ಮಾತ್ರ ಆಯಿಲ್, ಕ್ಯಾಪ್ ನಂಬರ್ ಅದಲು ಬದಲು ಆಗ್ಬಾರ್ದು. ಕೂರಿಸಿ ಮುಗಿದ್ಮೇಲೆ ಸ್ಟಾಪ್ ಸೊಲೆನಾಯ್ಡ್ ವೈರ್ ತೆಗೆದು, ಸ್ಟಾರ್ಟ್ ಆಗದ ಹಾಗೆ, ಬರೀ ಸೆಲ್ಫ್ ಹೊಡೆದು ಗೇಜಲ್ಲಿ ಪ್ರೆಶರ್ ಏರಿದ್ಮೇಲೇ ಸ್ಟಾರ್ಟ್ ಮಾಡಿದ್ದು. ಒಟ್ಟು ಖರ್ಚು ಹದಿಮೂರು ಸಾವಿರದ ಹತ್ರ, ಆಯಿಲ್ ಸೇರಿ.

ಅರ್ಧ ಗಂಟೆ ದೋಣಿಗಾಲ್ ಕಡೆ ಹೋಗಿ ಬಂದು ನೋಡಿದ್ರೆ ಬಿಸಿ ಐಡ್ಲಿಂಗ್ 1.4, 2000ದಲ್ಲಿ 3.3.

ಇನ್ನೊಂದು ವಿಷ್ಯ, ಇದನ್ನ ತುಂಬ ಜನ ಕಲಸ್ಕೊಳ್ತಾರೆ. ಪ್ರೆಶರ್ ಚೆನ್ನಾಗಿದೆ ಅಂದ್ರೆ ಇಂಜಿನ್ ಚೆನ್ನಾಗಿದೆ ಅಂತಲ್ಲ. ರಿಂಗು, ಬೋರು, ಲೈನರ್ ಎಷ್ಟೇ ಸವೆದಿರ್ಲಿ ಆಯಿಲ್ ಗೇಜಿಗೆ ಗೊತ್ತೇ ಆಗಲ್ಲ, ಯಾಕಂದ್ರೆ ಬೋರಿಗೆ ಆಯಿಲ್ ಬೀಳೋದು ಮೆಟಲ್ ಸಂದಿನಿಂದ ಹೊರಗೆ ಬಂದು ಎರಚಿದ್ಮೇಲೆ. ಅದಕ್ಕೆ ಬೇರೆ ಪರೀಕ್ಷೆ: ಐಡ್ಲಿಂಗಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಬುಸ್ ಬುಸ್ ಅಂತ ಹೊಗೆ ತಳ್ಳಿದ್ರೆ ಬ್ಯಾಕ್ ಕಂಪ್ರೆಶನ್, ಅಂದ್ರೆ ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಗೆ ಬರ್ತಿದೆ, ಏರಲ್ಲಿ ನೀಲಿ ಹೊಗೆ, ಆಯಿಲ್ ಕುಡಿಯೋದು ಕೂಡ ಅದರದ್ದೇ ಗುರುತು. ಕಂಪ್ರೆಶನ್ ಗೇಜ್ ಹಾಕ್ಸಿದ್ರೆ ಡೀಸೆಲ್ಲಲ್ಲಿ 25ರಿಂದ 30 ಬಾರ್ ಬರ್ಬೇಕು, ಒಂದಕ್ಕೊಂದು 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು. ನಂದು 24, 23, 21, 23.

ಅಂದ್ರೆ ಮೆಟಲ್ ಹೊಸದು, ಬೋರ್ ಹಳೇದು. ಮುಚ್ಚಳ ತೆಗೆದ್ರೆ ಈಗ್ಲೂ ಹುಕ್ಕ ಸೇದಿದಂಗೆ ಹೊಗೆ ಬರುತ್ತೆ, ಈಗ್ಲೂ ಎಂಟು ಟ್ರಿಪ್ಪಿಗೆ ಒಂದು ಲೀಟರ್ ಕುಡಿಯುತ್ತೆ. ಸೀಟ್ ಹಿಂದೆ ಎರಡು ಲೀಟರ್ ಡಬ್ಬಿ ಇಟ್ಕೊಂಡಿದೀನಿ, ಪಕ್ಕದಲ್ಲೇ ಗೇಜು. ಬೋರ್ ಕೆಲಸ ಮುಂದಿನ ಮಳೆಗಾಲಕ್ಕೆ, ಆಗ ಹೇಗೂ ಬಾಡಿಗೆ ಕಮ್ಮಿ.